ನಮ್ಮ ಭೂಫಲಕಕ್ಕೊಂದು ಪ್ರದಕ್ಷಿಣೆ: ನಕ್ಷೆಯ ಮೇಲೆ ಬೆರಳಿಟ್ಟು ಭೂಮಿಯನ್ನು ಓದುವ ಬಗೆ

ಭೂಫಲಕಗಳ, ಅಂದರೆ ಭೂಮಿಯ ಮೇಲ್ಪದರದ ಚಲಿಸುವ ದೊಡ್ಡ ತುಂಡುಗಳ ಪಾಠವನ್ನು ಮೂರು ಬಗೆಯ ಗಡಿಗಳ ಪಟ್ಟಿಯಿಂದ ಶುರು ಮಾಡಬೇಡಿ. ದೂರ ಸರಿಯುವ ಗಡಿ, ಎದುರುಬದುರು ಒತ್ತುವ ಗಡಿ, ಪಕ್ಕಪಕ್ಕ ಉಜ್ಜುವ ಗಡಿ ಎಂದು ಬೋರ್ಡಿನ ಮೇಲೆ ಬರೆದು, ಐಸ್‌ಲ್ಯಾಂಡಿನದ್ದೋ ಕ್ಯಾಲಿಫೋರ್ನಿಯಾದ್ದೋ ಒಂದೊಂದು ಉದಾಹರಣೆ ಕೊಟ್ಟರೆ ಮಕ್ಕಳು ಪರೀಕ್ಷೆಯಲ್ಲಿ ಚೆನ್ನಾಗಿ ಬರೆಯುತ್ತಾರೆ. ಬೇಸಿಗೆ ರಜೆ ಮುಗಿಯುವಷ್ಟರಲ್ಲಿ ಮರೆತೂ ಬಿಡುತ್ತಾರೆ. ಉಡುಪಿ ಕಡೆಯ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವ ನಾನು ಹೇಳಿಕೊಡುವ ದಾರಿ ಬೇರೆ. ಒಂದೇ ಒಂದು ಫಲಕವನ್ನು ಆರಿಸಿಕೊಳ್ಳಿ, ನಾವು ನಿಂತಿರುವುದನ್ನೇ. ಅದರ ಅಂಚಿನ ಮೇಲೆ ಬೆರಳಿಟ್ಟು ಬಲಗಡೆಯಿಂದ ಒಂದು ಪೂರ್ತಿ ಪ್ರದಕ್ಷಿಣೆ ಬನ್ನಿ. ಹುಟ್ಟುವ ಸಾಗರತಳ, ಏಳುವ ಪರ್ವತ, ಮುಳುಗುವ ಅಂಚು, ಉಗುಳುವ ಜ್ವಾಲಾಮುಖಿ, ಜಾರುವ ಸ್ತರಭಂಗ (ಎರಡು ಬದಿಯ ನೆಲ ಸರಿಯುವ ಬಿರುಕು) ಎಲ್ಲವೂ ಆ ಒಂದೇ ಸುತ್ತಿನಲ್ಲಿ ಸಿಗುತ್ತವೆ. ಇಷ್ಟೆಲ್ಲ ಒಟ್ಟಿಗೆ ಇರುವ ಫಲಕ ನಮ್ಮ ಕಾಲಡಿಯೇ ಇರುವಾಗ ಪಾಠಕ್ಕೆ ಬೇರೆ ಕಡೆ ಹೋಗಬೇಕಾಗಿಲ್ಲ.

ಮನೆಯಲ್ಲಿ ಮಕ್ಕಳಿಗೆ ಹೇಳಿಕೊಡುವ ಅಪ್ಪ ಅಮ್ಮಂದಿರಿಗೆ, ನನ್ನಂಥ ಶಿಕ್ಷಕರಿಗೆ, ಶಾಲೆ ಬಿಟ್ಟು ಬಹಳ ಕಾಲವಾದ ಮೇಲೂ ಕುತೂಹಲ ಉಳಿಸಿಕೊಂಡವರಿಗೆ ಇದನ್ನು ಬರೆಯುತ್ತಿದ್ದೇನೆ.

ಬೇಕಾಗುವ ಸಾಮಾನು

ಮೊದಲನೆಯದು, ಸಮುದ್ರದ ತಳ ಕಾಣುವ ನಕ್ಷೆ. ದೇಶಗಳಿಗೆ ಬಣ್ಣ ಬಳಿದು ಸಮುದ್ರಕ್ಕೆಲ್ಲ ಒಂದೇ ನೀಲಿ ಹಚ್ಚಿದ ರಾಜಕೀಯ ನಕ್ಷೆ ಈ ಕೆಲಸಕ್ಕೆ ಆಗುವುದಿಲ್ಲ, ಏಕೆಂದರೆ ಭೂಫಲಕಗಳ ಕಥೆಯ ಹೆಚ್ಚಿನ ಭಾಗ ನೀರಿನಡಿ ಇದೆ. ಗೂಗಲ್ ಅರ್ಥ್ ಪುಕ್ಕಟೆ ಸಿಗುತ್ತದೆ, ಸಾಗರತಳದ ಏರಿಳಿತವನ್ನೂ ತೋರಿಸುತ್ತದೆ. ಶಾಲೆಯಲ್ಲಿ ಗ್ಲೋಬ್ ಇದ್ದರೆ ಅದನ್ನೂ ಪಕ್ಕದಲ್ಲಿಟ್ಟುಕೊಳ್ಳಿ. ದೂರ ಅಳೆಯಲು ಚಪ್ಪಟೆ ನಕ್ಷೆಗಿಂತ ಗ್ಲೋಬಿನ ಮೇಲೆ ಎಳೆದ ದಾರವೇ ಸರಿಯಾದದ್ದು.

ಆಮೇಲೆ ಟ್ರೇಸಿಂಗ್ ಹಾಳೆ, ಕೆಂಪು, ಹಸಿರು, ನೀಲಿ ಸ್ಕೆಚ್ ಪೆನ್ನು, ಒಂದು ಸ್ಕೇಲು. ಕೊನೆಯದಾಗಿ ಭೂಕಂಪಗಳ ಪಟ್ಟಿ. ನಮ್ಮ ರಾಷ್ಟ್ರೀಯ ಭೂಕಂಪ ಕೇಂದ್ರದ ‘ಭೂಕಂಪ್’ ಎಂಬ ಆ್ಯಪ್ ಇದೆ. ಹಳೆಯ ದಾಖಲೆ ಬೇಕಾದರೆ ಅಮೆರಿಕದ ಭೂವೈಜ್ಞಾನಿಕ ಸಮೀಕ್ಷಾ ಸಂಸ್ಥೆಯಾದ ಯುಎಸ್‌ಜಿಎಸ್ ಜಾಲತಾಣದಲ್ಲಿ ವರ್ಷ, ತೀವ್ರತೆ, ಪ್ರದೇಶ ಕೊಟ್ಟು ಹುಡುಕಬಹುದು.

ಫಲಕ ಎಂದರೆ ಯಾವುದು?

ನೆಲದಿಂದ ಭೂಮಿಯ ನಡುಮಧ್ಯಕ್ಕೆ 6,371 ಕಿ.ಮೀ. ಎಲ್ಲಕ್ಕಿಂತ ಮೇಲಿನದು ಭೂಕವಚ. ಅದು ಸಾಗರಗಳ ಅಡಿಯಲ್ಲಿ ಸುಮಾರು 7 ಕಿ.ಮೀ. ದಪ್ಪ, ಖಂಡಗಳ ಅಡಿಯಲ್ಲಿ ಸರಾಸರಿ 35 ಕಿ.ಮೀ. ಆಸುಪಾಸು, ಟಿಬೆಟ್ಟಿನ ಅಡಿಯಲ್ಲಿ 70 ಕಿ.ಮೀ.ವರೆಗೂ ಇದೆ. ಅದರ ಕೆಳಗೆ ಸುಮಾರು 2,900 ಕಿ.ಮೀ. ಆಳದವರೆಗೆ ಮ್ಯಾಂಟಲ್, ಮತ್ತೂ ಕೆಳಗೆ ಹೆಚ್ಚಾಗಿ ಕಬ್ಬಿಣದಿಂದಾದ ಕೇಂದ್ರಗೋಳ.

ಇಲ್ಲಿ ಗಮನಿಸಬೇಕಾದದ್ದೇನೆಂದರೆ, ಭೂಫಲಕವೂ ಭೂಕವಚವೂ ಒಂದೇ ಅಲ್ಲ. ಭೂಕವಚವೂ ಅದಕ್ಕೆ ಅಂಟಿಕೊಂಡಿರುವ ಮ್ಯಾಂಟಲಿನ ಗಡಸಾದ ಮೇಲ್ಭಾಗವೂ ಸೇರಿ, ಸುಮಾರು 100 ಕಿ.ಮೀ. ದಪ್ಪದ ತುಂಡಾಗಿ ಒಟ್ಟಿಗೆ ಚಲಿಸುತ್ತವೆ. ಆ ತುಂಡೇ ಫಲಕ. ಅದರಲ್ಲಿ ಖಂಡವೂ ಇರಬಹುದು, ಸಾಗರತಳವೂ ಇರಬಹುದು. ನಮ್ಮ ಫಲಕದಲ್ಲಿ ಎರಡೂ ಇವೆ.

‘ಫಲಕಗಳು ಲಾವಾರಸದ ಮೇಲೆ ತೇಲುತ್ತವೆ’ ಎಂಬ ಮಾತನ್ನು ದಯವಿಟ್ಟು ಮಕ್ಕಳಿಗೆ ಹೇಳಬೇಡಿ. ಕೆಳಗಿರುವ ಮ್ಯಾಂಟಲ್ ಕಲ್ಲು, ಗಟ್ಟಿ ಕಲ್ಲು. ಆದರೆ ಆ ಬಿಸಿಗೆ, ಆ ಒತ್ತಡಕ್ಕೆ ಲಕ್ಷಾಂತರ ವರ್ಷಗಳಲ್ಲಿ ನಿಧಾನವಾಗಿ ಹರಿಯುತ್ತದೆ. ರಸ್ತೆ ಕೆಲಸದವರು ಬಿಟ್ಟುಹೋದ ಡಾಂಬರು ಗಡ್ಡೆ ಸುತ್ತಿಗೆಯಿಂದ ಹೊಡೆದರೆ ಒಡೆಯುತ್ತದೆ, ಹಾಗೇ ಬಿಟ್ಟರೆ ಕೆಲವು ತಿಂಗಳಲ್ಲಿ ತಾನೇ ಹರಡಿ ಚಪ್ಪಟೆಯಾಗುತ್ತದೆ. ಮ್ಯಾಂಟಲ್ ಇರುವುದು ಹೆಚ್ಚುಕಡಿಮೆ ಹಾಗೆ. ಇನ್ನು ಫಲಕಗಳನ್ನು ಓಡಿಸುವ ಮುಖ್ಯ ಬಲ ಮುಳುಗುವ ಅಂಚಿನ ಭಾರ. ಹಳೆಯದಾಗಿ ತಣ್ಣಗಾದ ಸಾಗರತಳ ಭಾರವಾಗಿ ಮ್ಯಾಂಟಲಿನೊಳಕ್ಕೆ ಇಳಿಯುತ್ತಾ ಹಿಂದಿನ ಫಲಕವನ್ನೂ ತನ್ನೊಂದಿಗೆ ಎಳೆಯುತ್ತದೆ.

ಮೊದಲು ಚುಕ್ಕೆ, ಆಮೇಲೆ ಗೆರೆ

ಫಲಕಗಳ ಗಡಿ ಅಚ್ಚಾಗಿರುವ ನಕ್ಷೆಯನ್ನು ಸದ್ಯಕ್ಕೆ ಬದಿಗಿಡಿ. ಗಡಿಯನ್ನು ನೀವೇ ಕಂಡುಹಿಡಿಯಬೇಕು. ಟ್ರೇಸಿಂಗ್ ಹಾಳೆಯ ಮೇಲೆ ಏಷ್ಯಾದ ದಕ್ಷಿಣ ಭಾಗ, ಆಫ್ರಿಕಾದ ಪೂರ್ವ ಕರಾವಳಿ, ಇಡೀ ಹಿಂದೂ ಮಹಾಸಾಗರ ಬರುವಂತೆ ಬಾಹ್ಯರೇಖೆ ತೆಗೆಯಿರಿ. ಯುಎಸ್‌ಜಿಎಸ್ ಪಟ್ಟಿಯಿಂದ ಕಳೆದ ಕೆಲವು ವರ್ಷಗಳಲ್ಲಿ 5ಕ್ಕಿಂತ ಹೆಚ್ಚು ತೀವ್ರತೆಯಲ್ಲಿ ಆದ ಭೂಕಂಪಗಳನ್ನು ತೆಗೆದುಕೊಂಡು ಅಕ್ಷಾಂಶ ರೇಖಾಂಶ ನೋಡಿ ಒಂದೊಂದಾಗಿ ಗುರುತು ಹಾಕಿ. 70 ಕಿ.ಮೀ.ಗಿಂತ ಕಡಿಮೆ ಆಳದ್ದಕ್ಕೆ ಕೆಂಪು, 70ರಿಂದ 300 ಕಿ.ಮೀ. ಆಳದ್ದಕ್ಕೆ ಹಸಿರು, ಅದಕ್ಕೂ ಆಳದ್ದಕ್ಕೆ ನೀಲಿ.

ಈ ಕೆಲಸಕ್ಕೆ ಸಮಯ ಹಿಡಿಯುತ್ತದೆ. ಮಕ್ಕಳು ಗುಂಪಾಗಿ ಕೂತು ಒಬ್ಬರು ಓದಿ ಹೇಳುತ್ತಾ ಇನ್ನೊಬ್ಬರು ಚುಕ್ಕೆ ಇಡುತ್ತಾ ಹೋದರೆ ಬೇಗ ಸಾಗುತ್ತದೆ. ಸಿದ್ಧವಾದ ಚಿತ್ರವನ್ನು ಪ್ರೊಜೆಕ್ಟರಿನಲ್ಲಿ ತೋರಿಸಿ ಮುಗಿಸಬಹುದಲ್ಲ ಎಂದು ಕೇಳುವವರಿದ್ದಾರೆ. ತೋರಿಸಬಹುದು. ಆದರೆ ಚೆಲ್ಲಾಪಿಲ್ಲಿಯಾಗಿ ಬಿದ್ದಿದ್ದ ಚುಕ್ಕೆಗಳು ಮೆಲ್ಲಗೆ ಸಾಲುಗಟ್ಟುವುದನ್ನು ತನ್ನ ಕೈಯಿಂದಲೇ ನೋಡಿದ ಮಗುವಿಗೆ ಗಡಿ ಎಂದರೇನೆಂದು ಮತ್ತೆ ವಿವರಿಸಬೇಕಾಗುವುದಿಲ್ಲ.

ಹಾಳೆ ತುಂಬಿದ ಮೇಲೆ ಮೂರು ಸಂಗತಿ ಹುಡುಕಿ. ಸಾಗರದ ನಡುವೆ ಚುಕ್ಕೆಗಳು ತೆಳ್ಳಗಿನ ಗೆರೆಯಾಗಿ ಸಾಗುತ್ತವೆ, ಎಲ್ಲವೂ ಕೆಂಪು. ಹಿಮಾಲಯ, ಟಿಬೆಟ್ ಕಡೆ ಗೆರೆ ಒಡೆದು ಅಗಲವಾಗಿ ಹರಡುತ್ತದೆ. ಅಫ್ಘಾನಿಸ್ತಾನದ ಹಿಂದೂಕುಶ್‌ನಲ್ಲಿ ಒಂದೇ ಕಡೆ ಹಸಿರು ಚುಕ್ಕೆಗಳ ಗೊಂಚಲು ಬೀಳುತ್ತದೆ. ಅಲ್ಲಿ ಸುಮಾರು 200 ಕಿ.ಮೀ. ಆಳದಲ್ಲಿ ಆಗುವ ಕಂಪನವೇ ಆಗಾಗ ದಿಲ್ಲಿಯವರನ್ನು ಮನೆಯಿಂದ ಹೊರಗೆ ಓಡಿಸುವುದು. ನೀಲಿ ಚುಕ್ಕೆ ನಮ್ಮ ಹತ್ತಿರ ಸಿಗುವುದು ಅಪರೂಪ. ಅದಕ್ಕೆ ಇಂಡೋನೇಷ್ಯಾದ ಪೂರ್ವಕ್ಕೋ ಟೊಂಗಾ ಕಡೆಗೋ ಹೋಗಬೇಕು.

ಇನ್ನು ಮಕ್ಕಳಿಗೆ ಹೆಚ್ಚು ಆಶ್ಚರ್ಯವಾಗುವ ವಿಷಯ: ಮಲ್ಪೆ, ಕಾರವಾರ, ಮಂಗಳೂರು ಕರಾವಳಿಯುದ್ದಕ್ಕೂ ಚುಕ್ಕೆಗಳ ಸಾಲೇ ಇಲ್ಲ. ನೆಲ ಮುಗಿದು ನೀರು ಶುರುವಾಗುವ ಜಾಗ ಫಲಕದ ಅಂಚಲ್ಲ. ಅರಬ್ಬಿ ಸಮುದ್ರದ ತಳದ ಬಹುಭಾಗವೂ ನಮ್ಮದೇ ಫಲಕ. ಅಂಚು ಸಿಗಬೇಕಾದರೆ ಮಲ್ಪೆಯಿಂದ ನೈಋತ್ಯಕ್ಕೆ ಒಂದೂವರೆ ಸಾವಿರ ಕಿ.ಮೀ.ಗೂ ಹೆಚ್ಚು ಸಾಗಬೇಕು. ಪ್ರದಕ್ಷಿಣೆ ಅಲ್ಲಿಂದಲೇ ಶುರು.

ನೈಋತ್ಯ: ಸಾಗರತಳ ಹುಟ್ಟುವ ಜಾಗ

ಗೂಗಲ್ ಅರ್ಥ್‌ನಲ್ಲಿ ಲಕ್ಷದ್ವೀಪ ದಾಟಿ ಸೊಮಾಲಿಯಾ ಕಡೆ ಹೊರಡಿ. ನಡುದಾರಿಯಲ್ಲಿ ವಾಯವ್ಯದಿಂದ ಆಗ್ನೇಯಕ್ಕೆ ಹಬ್ಬಿದ, ಅಡ್ಡಡ್ಡ ಕತ್ತರಿಸಿದಂತಿರುವ ಪರ್ವತಸಾಲೊಂದು ನೀರಿನಡಿ ಕಾಣುತ್ತದೆ. ಇದು ಕಾರ್ಲ್ಸ್‌ಬರ್ಗ್ ದಿಣ್ಣೆ. ಇಲ್ಲಿ ನಮ್ಮದೂ ಆಫ್ರಿಕಾ ಕಡೆಯದೂ ಆದ ಎರಡು ಫಲಕಗಳು ವರ್ಷಕ್ಕೆ ಸುಮಾರು ಎರಡೂವರೆ ಮೂರು ಸೆಂಟಿಮೀಟರ್ ದೂರವಾಗುತ್ತಿವೆ. ಬಿಟ್ಟ ಜಾಗಕ್ಕೆ ಕೆಳಗಿನಿಂದ ಶಿಲಾಪಾಕ, ಅಂದರೆ ಕರಗಿದ ಕಲ್ಲು ಬಂದು ತಣಿದು ಬಸಾಲ್ಟ್ ಎಂಬ ಕರಿಕಲ್ಲಿನ ಹೊಸ ತಳವಾಗುತ್ತದೆ.

ಈ ದಿಣ್ಣೆಯ ಮೇಲೆ ನನಗೆ ವಿಶೇಷ ಗೌರವ. ಜರ್ಮನಿಯ ಹವಾಮಾನ ವಿಜ್ಞಾನಿ ಆಲ್‌ಫ್ರೆಡ್ ವೆಗೆನರ್ ಖಂಡಗಳು ಚಲಿಸುತ್ತವೆ ಎಂದು 1912ರಲ್ಲೇ ಹೇಳಿದ್ದ. ಭಾರತ, ಆಫ್ರಿಕಾ, ಆಸ್ಟ್ರೇಲಿಯಾ, ದಕ್ಷಿಣ ಅಮೆರಿಕಗಳಲ್ಲಿ ಗ್ಲಾಸಾಪ್ಟೆರಿಸ್ ಎಂಬ ಒಂದೇ ಗಿಡದ ಪಳೆಯುಳಿಕೆ ಸಿಗುವುದು ಅವನ ಸಾಕ್ಷ್ಯಗಳಲ್ಲೊಂದು. ಖಂಡಗಳನ್ನು ಸರಿಸುವ ಬಲ ಯಾವುದು ಎಂಬ ಪ್ರಶ್ನೆಗೆ ಒಪ್ಪುವಂಥ ಉತ್ತರ ಸಿಗದೆ ಹೆಚ್ಚಿನವರು ತಳ್ಳಿಹಾಕಿದರು. 1930ರಲ್ಲಿ ಅವನು ಗ್ರೀನ್‌ಲ್ಯಾಂಡಿನ ಹಿಮದಲ್ಲಿ ತೀರಿಕೊಂಡ. 1962ರಲ್ಲಿ ಅಮೆರಿಕದ ಭೂವಿಜ್ಞಾನಿ ಹ್ಯಾರಿ ಹೆಸ್ ಸಾಗರತಳವೇ ದಿಣ್ಣೆಗಳಲ್ಲಿ ಹುಟ್ಟಿ ಎರಡೂ ಕಡೆ ಹರಡುತ್ತದೆ ಎಂದ. ಅದಕ್ಕೆ ಪುರಾವೆ ಒದಗಿಸಿದ್ದು 1963ರಲ್ಲಿ ಬ್ರಿಟನ್ನಿನ ಭೂವಿಜ್ಞಾನಿಗಳಾದ ಫ್ರೆಡ್ ವೈನ್ ಮತ್ತು ಡ್ರಮಂಡ್ ಮ್ಯಾಥ್ಯೂಸ್ ಪ್ರಕಟಿಸಿದ ಪುಟ್ಟ ಲೇಖನ. ಲಾವಾ ತಣಿಯುವಾಗ ಅದರೊಳಗಿನ ಕಬ್ಬಿಣದ ಖನಿಜಗಳು ಆಗಿನ ಭೂಕಾಂತದ ದಿಕ್ಕನ್ನು ಹಿಡಿದಿಟ್ಟುಕೊಳ್ಳುತ್ತವೆ. ಭೂಕಾಂತದ ಉತ್ತರ ದಕ್ಷಿಣ ಆಗಾಗ ತಿರುಗುಮುರುಗಾಗುತ್ತದೆ. ಹಾಗಾದರೆ ಹರಡುವ ತಳದ ಮೇಲೆ ಇತ್ತ ಒಂದು ಪಟ್ಟೆ, ಅತ್ತ ಒಂದು ಪಟ್ಟೆ ಬೀಳಬೇಕು. ಅವರು ನೋಡಿದ್ದು ಹಿಂದೂ ಮಹಾಸಾಗರದಲ್ಲಿ ಹಡಗಿನಿಂದ ಅಳೆದು ತಂದ, ಇದೇ ಕಾರ್ಲ್ಸ್‌ಬರ್ಗ್ ದಿಣ್ಣೆಯ ಕಾಂತೀಯ ಮಾಪನಗಳನ್ನು. ಜಗತ್ತೇ ಒಪ್ಪಿದ ಸಿದ್ಧಾಂತಕ್ಕೆ ಆಧಾರವಾದ ಅಂಕಿಗಳು ನಮ್ಮ ಫಲಕದ ಅಂಚಿನಿಂದ ಬಂದವು ಎಂದು ತರಗತಿಯಲ್ಲಿ ಹೇಳುವಾಗ ಪ್ರತಿಸಲವೂ ನನಗೆ ಹೆಮ್ಮೆಯಾಗುತ್ತದೆ.

ಪಶ್ಚಿಮ: ಪಕ್ಕಪಕ್ಕ ಜಾರುವ ಗಡಿ

ಬೆರಳನ್ನು ದಿಣ್ಣೆಯುದ್ದಕ್ಕೂ ವಾಯವ್ಯಕ್ಕೆ ಒಯ್ಯಿರಿ. ಒಂದು ಕಡೆ ಗಡಿ ತಟ್ಟನೆ ಉತ್ತರಕ್ಕೆ ತಿರುಗಿ ಪಾಕಿಸ್ತಾನದ ಕಡೆ ಹೊರಡುತ್ತದೆ. ಇದು ಓವೆನ್ ಸೀಳು ವಲಯ. ಭಾರತವೂ ಅರೇಬಿಯಾವೂ ಇಲ್ಲಿ ಉತ್ತರಕ್ಕೇ ಹೊರಟಿವೆ, ವೇಗದಲ್ಲಿ ವ್ಯತ್ಯಾಸ ವರ್ಷಕ್ಕೆ ಕೆಲವೇ ಮಿಲಿಮೀಟರ್. ಕರಾಚಿಯ ಪಶ್ಚಿಮಕ್ಕೆ ಗಡಿ ನೆಲ ಹತ್ತಿ ಚಮನ್ ಸ್ತರಭಂಗದ ಉದ್ದಕ್ಕೂ ಅಫ್ಘಾನಿಸ್ತಾನ ಸೇರುತ್ತದೆ. ಇಲ್ಲಿ ನೆಲ ಹುಟ್ಟುವುದೂ ಇಲ್ಲ, ಮುಳುಗುವುದೂ ಇಲ್ಲ. ಜಾರುತ್ತದೆ, ಸಿಕ್ಕಿಕೊಳ್ಳುತ್ತದೆ, ಕಿತ್ತುಕೊಂಡಾಗ ನಡುಗುತ್ತದೆ. 1935ರ ಮೇ 31ರಂದು ಕ್ವೆಟ್ಟಾ ಪಟ್ಟಣವನ್ನು ನೆಲಸಮ ಮಾಡಿದ ಭೂಕಂಪ ಆದದ್ದು ಈ ಭಾಗದಲ್ಲೇ.

ಉತ್ತರ: ಸಮುದ್ರವೊಂದು ಮುಚ್ಚಿಹೋದ ಗುರುತು

ಈಗ ಹಿಮಾಲಯ. ಸುಮಾರು 2,400 ಕಿ.ಮೀ. ಉದ್ದದ ಬಿಲ್ಲು. ಅದರ ಎರಡು ತುದಿಗಳನ್ನು ಮೊದಲು ಗುರುತಿಸಿ: ಪಶ್ಚಿಮದಲ್ಲಿ ನಂಗಾ ಪರ್ಬತ್, ಪೂರ್ವದಲ್ಲಿ ನಾಮ್ಚಾ ಬರ್ವಾ. ಸಿಂಧೂ ನದಿ ಒಂದರ ಬಳಿ, ಬ್ರಹ್ಮಪುತ್ರ ಇನ್ನೊಂದರ ಬಳಿ ತಿರುಗಿಕೊಂಡು ದಕ್ಷಿಣದ ಕಡೆ ಇಳಿಯುತ್ತವೆ. ನಮ್ಮ ಖಂಡ ಏಷ್ಯಾದೊಳಕ್ಕೆ ಒತ್ತಿದ ಎರಡು ಮೂಲೆಗಳೇ ಇವು.

ಮೊದಲು ನಡುವೆ ಟೆಥಿಸ್ ಸಾಗರವಿತ್ತು. ಅದರ ತಳ ಏಷ್ಯಾದ ಅಡಿಗೆ ಮುಳುಗುತ್ತಾ ಬಂದು, ಸುಮಾರು 5 ಕೋಟಿ ವರ್ಷಗಳ ಹಿಂದೆ ಖಂಡಕ್ಕೆ ಖಂಡ ತಾಗಿತು. ಸಾಗರತಳ ಭಾರ, ಮುಳುಗುತ್ತದೆ. ಖಂಡದ ಕಲ್ಲು ಹಗುರ, ಸುಲಭಕ್ಕೆ ಮುಳುಗದು. ಆದ್ದರಿಂದ ಮಡಿಚಿತು, ಒಂದರ ಮೇಲೊಂದು ಪದರವಾಗಿ ಏರಿತು. 2020ರಲ್ಲಿ ನೇಪಾಳ ಮತ್ತು ಚೀನಾ ಸೇರಿ ಪ್ರಕಟಿಸಿದ ಎತ್ತರದ ಪ್ರಕಾರ ಎವರೆಸ್ಟ್ 8,848.86 ಮೀಟರ್. ಅದರ ನೆತ್ತಿಯ ಕಲ್ಲು ಸುಣ್ಣಶಿಲೆ, ಒಳಗೆ ಸಮುದ್ರಜೀವಿಗಳ ಚೂರುಗಳು.

ಅಷ್ಟು ಎತ್ತರಕ್ಕೆ ಹೋಗಿ ನೋಡುವವರು ಕಡಿಮೆ. ಆದರೆ ಟೆಥಿಸ್‌ನ ತುಂಡೊಂದು ನಮ್ಮೂರಿನ ಅನೇಕ ಮನೆಗಳ ದೇವರ ಕೋಣೆಯಲ್ಲೇ ಇದೆ. ಸಾಲಿಗ್ರಾಮ. ನೇಪಾಳದ ಕಾಳಿಗಂಡಕಿ ನದಿಯಲ್ಲಿ ಸಿಗುವ, ಚಕ್ರವಿರುವ ಆ ಕಪ್ಪು ಕಲ್ಲು ಅಮೋನೈಟ್ ಎಂಬ ಸಮುದ್ರಜೀವಿಯ ಪಳೆಯುಳಿಕೆ. ಸುಮಾರು 15 ಕೋಟಿ ವರ್ಷಗಳ ಹಿಂದೆ ಆ ಸಮುದ್ರದ ಕೆಸರಿನಲ್ಲಿ ಹೂತುಹೋದದ್ದು. ಮನೆಯ ಹಿರಿಯರನ್ನು ಕೇಳಿಕೊಂಡು, ಅಭಿಷೇಕದ ಹೊತ್ತಿಗೆ ಪಕ್ಕದಲ್ಲಿ ಕೂತು ನೋಡಿ. ನಡುವಿನಿಂದ ಹೊರಕ್ಕೆ ಸುತ್ತಿಕೊಂಡು ಬಂದ ಸುರುಳಿ, ಅದರ ಮೇಲೆ ಸಮಸಮ ದೂರದಲ್ಲಿ ಅಡ್ಡಲಾಗಿ ಎದ್ದ ಏಣುಗಳು ನೀರು ಬಿದ್ದಾಗ ಸ್ಪಷ್ಟವಾಗಿ ಕಾಣುತ್ತವೆ. ಆ ಏಣುಗಳು ಜೀವಿಯ ಚಿಪ್ಪಿನವು. ಪೂಜೆಗೂ ಪಾಠಕ್ಕೂ ಇಲ್ಲಿ ಯಾವ ಜಗಳವೂ ಇಲ್ಲ. ಇಷ್ಟು ಜತನದಿಂದ ಪಳೆಯುಳಿಕೆಯನ್ನು ಕಾಪಾಡಿಕೊಂಡು ಬಂದ ಮನೆಗಳ ಮೇಲೆ ನನ್ನ ಗೌರವ ಹೆಚ್ಚಿದೆ.

ಒತ್ತುವುದು ಇನ್ನೂ ನಿಂತಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ ಜಿಪಿಎಸ್ ಕೇಂದ್ರದ ಅಳತೆಯಂತೆ ನಾವು ವರ್ಷಕ್ಕೆ 5 ಸೆಂ.ಮೀ. ಆಸುಪಾಸು ಈಶಾನ್ಯಕ್ಕೆ ಸರಿಯುತ್ತಿದ್ದೇವೆ. ಅದರಲ್ಲಿ ಸುಮಾರು 2 ಸೆಂ.ಮೀ.ನಷ್ಟನ್ನು ಹಿಮಾಲಯವೇ ತಡೆದುಕೊಳ್ಳುತ್ತದೆ. ತಡೆದದ್ದು ಬಿಡುವಾಗ 1950ರ ಅಸ್ಸಾಂ ಭೂಕಂಪದಂತೆ (8.6), 2015ರ ನೇಪಾಳದ ಭೂಕಂಪದಂತೆ (7.8) ಬಿಡುತ್ತದೆ.

ಪೂರ್ವ: ಇಳಿಯುವ ಅಂಚು

ಪೂರ್ವಕ್ಕೆ ತಿರುಗಿ ಮ್ಯಾನ್ಮಾರ್‌ಗೆ ಇಳಿಯಿರಿ. ಇಲ್ಲಿ ನಮ್ಮ ಫಲಕ ಉತ್ತರಕ್ಕೆ ಸಾಗುವಾಗ ಮ್ಯಾನ್ಮಾರಿನ ಪಶ್ಚಿಮ ಭಾಗವನ್ನೂ ಎಳೆದುಕೊಂಡು ಹೋಗುತ್ತದೆ. ಎಳೆಸಿಕೊಂಡ ಭಾಗಕ್ಕೂ ಅದರ ಪೂರ್ವದ ನೆಲಕ್ಕೂ ನಡುವೆ ಇರುವುದೇ ಸಗೈಂಗ್ ಸ್ತರಭಂಗ. 2025ರ ಮಾರ್ಚ್ 28ರಂದು ಮ್ಯಾಂಡಲೆ ಹತ್ತಿರ 7.7 ತೀವ್ರತೆಯ ಭೂಕಂಪವಾದಾಗ ಅಲ್ಲಿನ ಸಿಸಿಟಿವಿ ಕ್ಯಾಮೆರಾವೊಂದು ನೆಲ ಸೀಳಿ ಪಕ್ಕಕ್ಕೆ ಜಾರುವುದನ್ನು ಹಿಡಿದಿತ್ತು. ಆ ವಿಡಿಯೋ ಹುಡುಕಿ ಮಕ್ಕಳಿಗೆ ತೋರಿಸಿ. ಮೊದಲ ಸಲ ಅಲುಗಾಟ ಮಾತ್ರ ಕಾಣುತ್ತದೆ. ಎರಡನೇ ಸಲ ಗೇಟಿನಿಂದ ಆಚೆಯ ನೆಲದ ಮೇಲೆ ಕಣ್ಣಿಟ್ಟು ನೋಡಲು ಹೇಳಿ.

ಅಲ್ಲಿಂದ ದಕ್ಷಿಣಕ್ಕೆ ಅಂಡಮಾನ್. ದ್ವೀಪಗಳ ಪಶ್ಚಿಮ ಬದಿಗೆ ಸಾಗರ ತಗ್ಗು, ಅದಕ್ಕೆ ಸಮನಾಗಿ ಬಿಲ್ಲಿನಂತೆ ದ್ವೀಪಗಳ ಸಾಲು. ನಮ್ಮ ಫಲಕದ ಸಾಗರತಳ ಇಲ್ಲಿ ಪೂರ್ವಕ್ಕೆ ಮುಳುಗುತ್ತಿದೆ. ನಿಮ್ಮ ಟ್ರೇಸಿಂಗ್ ಹಾಳೆಯಲ್ಲಿ ತಗ್ಗಿನ ಬಳಿ ಕೆಂಪು, ಪೂರ್ವಕ್ಕೆ ಹೋದಂತೆ ಹಸಿರು ಚುಕ್ಕೆಗಳು ಬಿದ್ದಿರಬೇಕು. ಮುಳುಗುವ ಫಲಕದ ಇಳಿಜಾರೇ ಅದು. ಸುಮಾರು 100 ಕಿ.ಮೀ. ಆಳಕ್ಕೆ ಇಳಿದಾಗ ಕಲ್ಲಿನೊಳಗೆ ಸೇರಿದ್ದ ನೀರು ಹೊರಬಂದು ಮೇಲಿನ ಮ್ಯಾಂಟಲ್ ಕರಗುವ ತಾಪವನ್ನು ತಗ್ಗಿಸುತ್ತದೆ. ಕರಗಿದ್ದು ಮೇಲೇರಿ ಜ್ವಾಲಾಮುಖಿಯಾಗುತ್ತದೆ. ಅಂಡಮಾನಿನ ಬ್ಯಾರನ್ ದ್ವೀಪ ಹಾಗೆ ಆದದ್ದು, ಭಾರತದ ಒಂದೇ ಒಂದು ಸಕ್ರಿಯ ಜ್ವಾಲಾಮುಖಿ. ಒಂದೂವರೆ ಶತಮಾನಕ್ಕೂ ಹೆಚ್ಚು ಮಲಗಿದ್ದು 1991ರಲ್ಲಿ ಎದ್ದಿತು. ‘ಹಿಮಾಲಯದಲ್ಲೇಕೆ ಜ್ವಾಲಾಮುಖಿ ಇಲ್ಲ ಟೀಚರ್?’ ಎಂದು ಮಕ್ಕಳು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ, ಉತ್ತರವೂ ಇಲ್ಲೇ ಇದೆ: ನೀರು ಹೊತ್ತು ಮುಳುಗುವ ಸಾಗರತಳ ಅಲ್ಲಿ ಈಗ ಉಳಿದಿಲ್ಲ.

2004ರ ಡಿಸೆಂಬರ್ 26ರಂದು ಈ ಅಂಚು ಸುಮಾತ್ರಾದಿಂದ ಅಂಡಮಾನ್‌ವರೆಗೆ ಸುಮಾರು 1,300 ಕಿ.ಮೀ. ಉದ್ದಕ್ಕೆ ಕಿತ್ತುಕೊಂಡಿತು. ತೀವ್ರತೆ 9.1. ಸಾಗರತಳವೇ ಮೇಲಕ್ಕೆ ಚಿಮ್ಮಿ ನೀರನ್ನು ಎತ್ತಿದ್ದರಿಂದ ಸುನಾಮಿ. ಎರಡು ಲಕ್ಷಕ್ಕೂ ಹೆಚ್ಚು ಜನ ಸತ್ತರು, ನಾಗಪಟ್ಟಣದ ಮೀನುಗಾರರ ಕೇರಿಗಳೂ ಉಳಿಯಲಿಲ್ಲ. ನಿಕೋಬಾರಿನ ತುದಿಯ ಇಂದಿರಾ ಪಾಯಿಂಟ್ ಕೆಲವು ಮೀಟರ್ ಕುಸಿದು ಅಲ್ಲಿನ ದೀಪಸ್ತಂಭದ ಬುಡ ಸಮುದ್ರದೊಳಗಾಯಿತು. ಮೀನುಗಾರರ ಮಕ್ಕಳು ತುಂಬಿರುವ ನಮ್ಮ ತರಗತಿಯಲ್ಲಿ ಈ ಭಾಗವನ್ನು ನಾನು ನಿಧಾನವಾಗಿಯೇ ಹೇಳುತ್ತೇನೆ. ದಡದಲ್ಲಿ ನಿಂತಾಗ ನೆಲ ಬಹಳ ಹೊತ್ತು ನಡುಗಿದರೆ, ಸಮುದ್ರ ಹಠಾತ್ತನೆ ಹಿಂದೆ ಸರಿದರೆ, ನೋಡುತ್ತಾ ನಿಲ್ಲಬಾರದು, ಎತ್ತರಕ್ಕೆ ಓಡಬೇಕು. ಇದನ್ನು ಪ್ರತಿ ಮಗುವಿನ ಬಾಯಲ್ಲೂ ಹೇಳಿಸುತ್ತೇನೆ.

ಆಗ್ನೇಯ: ಗೆರೆ ಸಿಗದ ಗಡಿ

ಸುತ್ತು ಮುಗಿಯಬೇಕಾದರೆ ಸುಮಾತ್ರಾದಿಂದ ಮತ್ತೆ ದಿಣ್ಣೆಗೆ ಬರಬೇಕು. ಇಲ್ಲಿ ಬೆರಳಿಗೆ ಗೆರೆಯೇ ಸಿಗುವುದಿಲ್ಲ. ಕೆಲವು ಪುಸ್ತಕಗಳಲ್ಲಿ ‘ಇಂಡೋ-ಆಸ್ಟ್ರೇಲಿಯಾ ಫಲಕ’ ಎಂದು ಒಂದಾಗಿ, ಕೆಲವದರಲ್ಲಿ ಎರಡಾಗಿ ಬರೆದಿರುವುದು ಇದಕ್ಕೇ. ಭಾರತದ ಕಡೆ ಹಿಮಾಲಯ ಅಡ್ಡ ನಿಂತಿದೆ, ಆಸ್ಟ್ರೇಲಿಯಾದ ಕಡೆ ಅಂಥ ತಡೆ ಇಲ್ಲ. ನಡುವಿನ ಸಾಗರತಳ ಒತ್ತಡಕ್ಕೆ ಸಿಕ್ಕಿ ಅಗಲವಾದ ವಲಯವಾಗಿ ಬಿರಿಯುತ್ತಿದೆ. 2012ರ ಏಪ್ರಿಲ್ 11ರಂದು ಸುಮಾತ್ರಾದ ಪಶ್ಚಿಮಕ್ಕೆ 8.6 ತೀವ್ರತೆಯ ಭೂಕಂಪವಾದರೂ ದೊಡ್ಡ ಸುನಾಮಿ ಏಳಲಿಲ್ಲ, ಏಕೆಂದರೆ ನೆಲ ಅಡ್ಡಕ್ಕೆ ಜಾರಿತು, ಮೇಲಕ್ಕೆ ಏಳಲಿಲ್ಲ. 2004ರದ್ದನ್ನೂ ಇದನ್ನೂ ಅಕ್ಕಪಕ್ಕ ಇಟ್ಟು ಕಲಿಸಿದರೆ ತೀವ್ರತೆಯೊಂದೇ ಎಲ್ಲವನ್ನೂ ಹೇಳುವುದಿಲ್ಲ ಎಂಬುದು ತಿಳಿಯುತ್ತದೆ.

ಅಂಚಿನಿಂದ ಒಳಕ್ಕೆ: ಮಲ್ಪೆಯಲ್ಲೊಂದು ಲೆಕ್ಕ

ಫಲಕದ ನಡುವೆ ಏನೂ ಇಲ್ಲ ಎಂದುಕೊಳ್ಳಬೇಡಿ. ಒಳಗಿರುವುದು ಹಳೆಯ ಅಂಚುಗಳ ಗುರುತು. ಅದಕ್ಕೆ ಸೇಂಟ್ ಮೇರೀಸ್ ದ್ವೀಪಕ್ಕಿಂತ ಒಳ್ಳೆಯ ಪಾಠಶಾಲೆ ನನಗೆ ಗೊತ್ತಿಲ್ಲ. ಮಳೆಗಾಲ ಕಳೆದ ಮೇಲೆ ಮಲ್ಪೆಯಿಂದ ದೋಣಿ ಬಿಡುತ್ತಾರೆ. ಹೆಚ್ಚಿನವರು ಫೋಟೊ ತೆಗೆದುಕೊಂಡು ಬರುತ್ತಾರೆ. ನೀವು ಅಲ್ಲಿ ಸಾಲಾಗಿ ನಿಂತಿರುವ ಕಲ್ಲಿನ ಕಂಬಗಳ ಪಕ್ಕ ಕೂತುಕೊಳ್ಳಿ.

ಒಂದು ಕಂಬದ ತಲೆಯ ಮೇಲೆ ಬೆರಳಿಟ್ಟು ಬಿರುಕಿನ ಗುಂಟ ಒಂದು ಸುತ್ತು ಬಂದು ಮುಖಗಳನ್ನು ಎಣಿಸಿ. ಐದು, ಆರು, ಏಳು, ಹೀಗೆ ಬರುತ್ತವೆ. ಪಕ್ಕಪಕ್ಕದ ಕಂಬಗಳನ್ನು ಎಣಿಸುತ್ತಾ ನೋಟ್‌ಬುಕ್ಕಿನಲ್ಲಿ ಗೆರೆ ಹಾಕುತ್ತಾ ಹೋಗಿ. ಲಾವಾ ತಣಿಯುವಾಗ ಕುಗ್ಗುತ್ತದೆ, ಕುಗ್ಗುವಾಗ ಬಿರಿಯುತ್ತದೆ. ತಣಿಯುವುದು ಮೇಲಿನಿಂದ ಒಳಕ್ಕೆ ಸಾಗಿದಂತೆ ಬಿರುಕೂ ಇಳಿದು ಕಂಬಗಳಾಗುತ್ತವೆ. ಕಂಬ ಯಾವ ಕಡೆ ವಾಲಿದೆ ಎಂಬುದನ್ನೂ ಬರೆದುಕೊಳ್ಳಿ, ತಣಿದ ಮೇಲ್ಮೈ ಹೇಗಿತ್ತು ಎಂಬುದನ್ನು ಅದು ಹೇಳುತ್ತದೆ. ಇದು ರಯೋಲೈಟ್ ಜಾತಿಯ ಲಾವಾ, ಉತ್ತರ ಕರ್ನಾಟಕದ ಕರಿಯ ಬಸಾಲ್ಟ್ ಅಲ್ಲ. ದ್ವೀಪ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ, ಚೂರು ಕಲ್ಲನ್ನೂ ಒಡೆದು ತರಬಾರದು.

ಈ ಲಾವಾ ಹರಿದದ್ದು ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮಿಂದ ಬಿಟ್ಟುಹೋದ ಕಾಲದಲ್ಲಿ. ಈಗ ಗ್ಲೋಬಿನ ಮೇಲೆ ದಾರ ಎಳೆದು ಮಲ್ಪೆಯಿಂದ ಮಡಗಾಸ್ಕರಿನ ಉತ್ತರ ತುದಿಗೆ ಅಳೆಯಿರಿ. ಸುಮಾರು 4,000 ಕಿ.ಮೀ., ಅಂದರೆ 40 ಕೋಟಿ ಸೆಂಟಿಮೀಟರ್. ಅದನ್ನು 8.8 ಕೋಟಿ ವರ್ಷಗಳಿಂದ ಭಾಗಿಸಿ. ವರ್ಷಕ್ಕೆ ಸುಮಾರು 4.5 ಸೆಂ.ಮೀ. ಬರುತ್ತದೆ! ಇದು ನೇರ ಗೆರೆಯ ಸರಾಸರಿ, ನಿಜವಾದ ದಾರಿ ಅಂಕುಡೊಂಕು, ವೇಗವೂ ಒಂದೇ ಸಮನಲ್ಲ. ಏಷ್ಯಾಕ್ಕೆ ತಾಗುವ ಮೊದಲು ಭಾರತ ವರ್ಷಕ್ಕೆ 15 ಸೆಂ.ಮೀ.ಗೂ ಹೆಚ್ಚು ವೇಗದಲ್ಲಿ ಸಾಗಿದ ಕಾಲವೂ ಇದೆ. ಆದರೂ ಏಳನೇ ತರಗತಿಯ ಭಾಗಾಕಾರದಿಂದ ಖಂಡದ ವೇಗ ಸಿಗುತ್ತದಲ್ಲ, ಅದಕ್ಕಾಗಿಯೇ ಈ ಲೆಕ್ಕ ನನಗೆ ಇಷ್ಟ.

ಮಲ್ಪೆಯಿಂದ ಪೂರ್ವಕ್ಕೆ ತಿರುಗಿ ನೋಡಿದರೆ ಪಶ್ಚಿಮಘಟ್ಟ. ಇದನ್ನು ಹಿಮಾಲಯದಂಥ ಮಡಿಕೆ ಪರ್ವತ ಎಂದು ಕಲಿಸಬೇಡಿ. ಖಂಡ ಒಡೆದಾಗ ಎದ್ದ ಅಂಚು, ಆಮೇಲೆ ಮಳೆ ಕೊರೆಯುತ್ತಾ ಹಿಂದಕ್ಕೆ ತಳ್ಳಿದ ಕಡಿಬೆಟ್ಟ ಅದು. ಆಗುಂಬೆಯಲ್ಲಿ ನಿಂತರೆ ಕರಾವಳಿ ಕಡೆ ಧುಮುಕುತ್ತದೆ, ತೀರ್ಥಹಳ್ಳಿ ಕಡೆ ಮೆಲ್ಲಗೆ ಇಳಿಯುತ್ತದೆ. ಸಮುದ್ರ ಅಷ್ಟು ಹತ್ತಿರವಿದ್ದರೂ ತಲಕಾವೇರಿಯಲ್ಲಿ ಹುಟ್ಟಿದ ಕಾವೇರಿ ಬಂಗಾಳಕೊಲ್ಲಿಗೆ ಹೋಗುವುದು ಈ ಓರೆಯಿಂದಲೇ. ಶರಾವತಿ ಪಶ್ಚಿಮಕ್ಕೆ ಹೊರಟು ಜೋಗದಲ್ಲಿ 253 ಮೀಟರ್ ಬೀಳಬೇಕಾಯಿತು.

ವಿಜಯಪುರ, ಕಲಬುರಗಿ, ಬೀದರ್ ಕಡೆಯವರು ಮಲ್ಪೆಗೆ ಬರಬೇಕಾಗಿಲ್ಲ. ನಿಮ್ಮ ಎರೆಮಣ್ಣು ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್ನಿನಲ್ಲಿ ಹರಿದ ಲಾವಾ ಸವೆದು ಆದದ್ದು. ಆಗ ಭಾರತ ಈಗಿನ ರಿಯೂನಿಯನ್ ದ್ವೀಪದ ಬಿಸಿತಾಣದ (ಮ್ಯಾಂಟಲಿನಿಂದ ಬಿಸಿ ಕಲ್ಲು ಮೇಲೇರಿ ಕರಗುವ ಜಾಗದ) ಮೇಲೆ ಸಾಗುತ್ತಿತ್ತು. ನಕ್ಷೆಯಲ್ಲಿ ಲಕ್ಷದ್ವೀಪ, ಮಾಲ್ದೀವ್ಸ್, ಚಾಗೋಸ್ ಎಂದು ದಕ್ಷಿಣಕ್ಕೆ ಹೋಗಿ, ದಿಣ್ಣೆ ದಾಟಿ ಮಾರಿಷಸ್, ರಿಯೂನಿಯನ್ ಮುಟ್ಟಿ. ಬಿಸಿತಾಣದ ಮೇಲೆ ಫಲಕ ಸರಿದ ಹಾದಿ ಅದು. ರಿಯೂನಿಯನ್‌ನಲ್ಲಿ ಜ್ವಾಲಾಮುಖಿ ಈಗಲೂ ಉಗುಳುತ್ತಿದೆ. ಬೆಂಗಳೂರಿನವರಿಗೆ ಲಾಲ್‌ಬಾಗಿನ ಬಂಡೆ ಇದೆ, ಸುಮಾರು 300 ಕೋಟಿ ವರ್ಷದ್ದು. ಚಿತ್ರದುರ್ಗದ ಮರಡಿಹಳ್ಳಿಯಲ್ಲಿ ನೀರಿನೊಳಗೆ ಉಕ್ಕಿ ದಿಂಬಿನಾಕಾರಕ್ಕೆ ತಣಿದ ಲಾವಾ ಇದೆ. ಬಯಲುಸೀಮೆಯ ನಡುವೆ ಸಮುದ್ರತಳ!

ಹಳೆಯ ಗಟ್ಟಿ ನೆಲವೆಂದು ಪೂರ್ತಿ ನೆಚ್ಚಿಕೊಳ್ಳುವಂತಿಲ್ಲ. ಹಿಮಾಲಯದಲ್ಲಿನ ಒತ್ತಡ ಫಲಕದ ಒಳಗೂ ಹರಡಿ ಹಳೆಯ ದುರ್ಬಲ ಜಾಗಗಳಲ್ಲಿ ಬಿಡುತ್ತದೆ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ನಮ್ಮ ರಾಜ್ಯದ ಗಡಿಗೆ ತಾಗಿದ ಮಹಾರಾಷ್ಟ್ರದ ಲಾತೂರಿನ ಕಿಲ್ಲಾರಿಯಲ್ಲಿ ಆದದ್ದು 6.2 ತೀವ್ರತೆಯ ಭೂಕಂಪ. ಆಳ ಕಡಿಮೆ, ಮನೆಗಳ ಗೋಡೆ ಕಲ್ಲು ಮಣ್ಣಿನವು, ಜನ ಮಲಗಿದ್ದ ಹೊತ್ತು. ಹತ್ತಿರ ಹತ್ತಿರ ಹತ್ತು ಸಾವಿರ ಮಂದಿ ತೀರಿಕೊಂಡರು.

ಇನ್ನೊಂದು ಪ್ರದಕ್ಷಿಣೆ

ಕಲಿತದ್ದು ನಿಂತಿದೆಯೇ ಎಂದು ನೋಡಲು ಮಕ್ಕಳ ಕೈಗೆ ಪಕ್ಕದ ಅರೇಬಿಯಾ ಫಲಕ ಕೊಡಿ. ಚುಕ್ಕೆ ಇಡುವುದರಿಂದ ಹಿಡಿದು ಎಲ್ಲವನ್ನೂ ಅವರೇ ಮಾಡಲಿ. ಕೆಂಪು ಸಮುದ್ರದಲ್ಲಿ ಏನಾಗುತ್ತಿದೆ? ಮೃತ ಸಮುದ್ರ ಏಕೆ ಉದ್ದುದ್ದ ತಗ್ಗಿನಲ್ಲಿದೆ? 2023ರ ಫೆಬ್ರವರಿ 6ರಂದು ಟರ್ಕಿಯಲ್ಲಿ ಜಾರಿದ ಗಡಿ ಯಾವುದು? ಇರಾನಿನ ಝಾಗ್ರೋಸ್ ಬೆಟ್ಟಗಳು ಹಿಮಾಲಯವನ್ನು ಯಾವ ರೀತಿ ಹೋಲುತ್ತವೆ? ಓವೆನ್ ವಲಯ ಆಗಲೇ ಗೊತ್ತಿರುವುದರಿಂದ ಸುತ್ತು ಸುಲಭವಾಗಿ ಕೂಡಿಕೊಳ್ಳುತ್ತದೆ. ಕರಾವಳಿಯ ಎಷ್ಟೋ ಮನೆಗಳ ಅಪ್ಪಂದಿರು, ಅಣ್ಣಂದಿರು ಗಲ್ಫಿನಲ್ಲಿದ್ದಾರೆ. ಮಸ್ಕತ್‌ನಲ್ಲಿ ಇರುವವರಿಗೆ ಫೋನು ಮಾಡಿ ಊರಿನ ಸುತ್ತಲಿನ ಕಪ್ಪುಗಂದು ಗುಡ್ಡಗಳ ಫೋಟೊ ಕಳಿಸಲು ಹೇಳಿ. ಒಮಾನಿನ ಆ ಗುಡ್ಡಗಳಲ್ಲಿ ಹಳೆಯ ಸಾಗರತಳವೂ ಅದರ ಅಡಿಯ ಮ್ಯಾಂಟಲ್ ಕಲ್ಲೂ ಮುಳುಗುವ ಬದಲು ನೆಲದ ಮೇಲೆ ಏರಿ ಕೂತಿವೆ. ಫೋಟೊ ಬಂದ ಮೇಲೆ, ಅದು ಮೇಲೇರಿದ್ದು ಹೇಗಿರಬಹುದೆಂದು ಮಕ್ಕಳು ಟ್ರೇಸಿಂಗ್ ಹಾಳೆಯ ಹಿಂಬದಿಯಲ್ಲಿ ಅಡ್ಡಕೊಯ್ತದ ಚಿತ್ರ ಬರೆಯಲಿ.